ಹನ್ನೊಂದನೆಯ ಕಿಟಕಿ

ಸೆಡೂನಾದಲ್ಲಿ, ಸಿಂಪಿ ಇಳಿಸುವ ಶೆಡ್ಡುಗಳಾಚೆ
ನನ್ನದೊಂದು ತಗಡಿನ ಗ್ಯಾರೇಜು.
ಗಾಲರ್ ಬೆಟ್ಟದ ಮಣ್ಣುದಾರಿ ಹಾದು ಬಂದವರು
ಇಳಿದ ಕೂಡಲೇ ಕ್ಯಾರವಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ,
ಭಕ್ತಿಗಲ್ಲ, ಉದುರಿದ್ದೇನೆಂದು ನೋಡಲಿಕ್ಕೆ.

ಆ ದಾರಿ ಉದ್ದಕ್ಕೂ ಅಲೆ ಅಲೆ,
ಮಾಡಿನ ತಗಡನ್ನೇ ಬಿಚ್ಚಿ ಹಾಸಿದ ಹಾಗೆ.
ಮುನ್ನೂರು ಕಿಲೋಮೀಟರು ಅದರ ಮೇಲೆ ನಡುಗಿದ್ದನ್ನು
ಮನುಷ್ಯನ ಮೂಳೆ ಮರೆತೀತು, ಸ್ಕ್ರೂ ಮರೆಯುವುದಿಲ್ಲ.
ಒಂದೊಂದೇ ಸುತ್ತು ಹಿಂದಕ್ಕೆ ತಿರುಗಿ
ಹೋದ ತೂತಿನಿಂದಲೇ ಹೊರಗೆ ಇಣುಕುತ್ತದೆ.

ನೋಲೀನ್ ಪ್ರ್ಯಾಟ್. ಎಪ್ಪತ್ತೊಂದು. ಒಬ್ಬಳೇ.
"ಕೊಂಡು ಹದಿನಾಲ್ಕು ತಿಂಗಳು," ಅಂದಳು,
"ಕ್ಯಾಟಲಾಗಿನಲ್ಲಿ ಇದರ ಪಕ್ಕ ಒಂದು ಒಂಟೆ ನಿಂತಿತ್ತು.
ಒಂಟೆಯನ್ನೇ ಕೊಳ್ಳಬೇಕಿತ್ತು."

ಮಂಚದ ತಲೆಯ ಕಡೆ ಒಂದು ವಾಸನೆ.
ಅವಳು ಅಡುಗೆ ಸೋಡಾ ಇಟ್ಟಿದ್ದಳು, ಕಿತ್ತಳೆ ಸಿಪ್ಪೆ ಇಟ್ಟಿದ್ದಳು.
ದಾಂಡೇಲಿಯ ಪ್ಲೈವುಡ್ ಕಾರ್ಖಾನೆಯಲ್ಲಿ
ಆರು ವರ್ಷ ಅಂಟು ಕಾಯಿಸಿದ ಮೂಗು ನನ್ನದು;
ಹಲಗೆ ಪದರ ಪದರವಾಗಿ ಕೈಬಿಡುವುದು
ಮೀಟರಿಗಿಂತ ಮೊದಲು ಇದಕ್ಕೆ ತಿಳಿಯುತ್ತದೆ.
ಆದರೂ ಗಿರಾಕಿಗೆ ಅಂಕಿ ಬೇಕು.
ಎರಡು ಸೂಜಿ ಚುಚ್ಚಿದೆ. ಮೂವತ್ತೆಂಟು.
"ಎಷ್ಟಿರಬೇಕು?"
"ಹದಿನೈದು ದಾಟಬಾರದು."
ಮೂವತ್ತೆಂಟು, ಎಂದು ತನಗೇ ಹೇಳಿಕೊಂಡು
ಮೆಟ್ಟಿಲ ಮೇಲೆ ಕೂತಳು.
ಮೆಟ್ಟಿಲೂ ಕೊಂಚ ವಾಲಿತು.

ಕಿಟಕಿ ಕಳಚಿದೆ.
ಹೊರಗೆ ಅಲ್ಯುಮಿನಿಯಂ, ಮುಖ ನೋಡಿಕೊಳ್ಳುವಷ್ಟು ಹೊಳಪು.
ಒಳಗೆ ಕಟ್ಟಿಗೆಯ ಚೌಕಟ್ಟು,
ಚಹಾದಲ್ಲಿ ಮರೆತ ರಸ್ಕಿನಂತೆ ಬೆರಳಿಗೆ ಬಂತು.
ಮೂರು ಬದಿಗೆ ಸೀಲೆಂಟು, ಅಚ್ಚುಕಟ್ಟು, ಪಳಗಿದ ಕೈ.
ನಾಲ್ಕನೆಯದು, ಮೇಲಿನದು, ಬೋಳು.
ನೀರಿಗೆ ಅಷ್ಟು ಸಾಕು.
ಅದು ಬಾಗಿಲು ಬಡಿದು ಬರುವ ನೆಂಟನಲ್ಲ.

ಆಗ ಕಂಡಿತು, ಕೊಳೆಯದೆ ಉಳಿದ ತುಂಡಿನ ಮೇಲೆ
ಪೆನ್ಸಿಲಿನ ಗೀಟು: ನಾಲ್ಕು ನಿಂತವು, ಒಂದು ಅಡ್ಡ.
ಮತ್ತೆ ನಾಲ್ಕು, ಒಂದು ಅಡ್ಡ.
ಆಮೇಲೆ ಒಂದೇ ಒಂದು.

ಮೆಲ್ಬರ್ನಿನ ಉತ್ತರಕ್ಕೆ ಎಲ್ಲೋ ಒಂದು ಶೆಡ್ಡು,
ಆ ದಿನದ ಹನ್ನೊಂದನೆಯ ಕಿಟಕಿ,
ಗನ್ನಿನಲ್ಲಿ ಟ್ಯೂಬು ಮುಗಿದಿದೆ, ಹೊಸದು ಸ್ಟೋರಿನಲ್ಲಿದೆ,
ಸ್ಟೋರು ಅಂಗಳದ ಆ ತುದಿಗಿದೆ,
ಹಿಂದಿನಿಂದ ಇನ್ನೊಂದು ಗೋಡೆ ಉರುಳಿಕೊಂಡು ಬರುತ್ತಿದೆ.
ಬಂದು ಹಚ್ಚುತ್ತೇನೆ, ಅಂದುಕೊಂಡಿರಬೇಕು.
ಬರುವಷ್ಟರಲ್ಲಿ ಯಾರೋ ಮುಚ್ಚಿ ಮೊಳೆ ಹೊಡೆದಿರಬೇಕು.
ಅಥವಾ ಅವನು ಏನೂ ಅಂದುಕೊಳ್ಳಲಿಲ್ಲ.

ನಾನೂ ಒಮ್ಮೆ, ಪಾಳಿ ಮುಗಿಯುವ ಹೊತ್ತಿಗೆ,
ಹದ ಬಾರದ ಅಂಟನ್ನೇ ಬಳಿದು ಕಳಿಸಿದ್ದೆ.
ಆ ಹಲಗೆಗಳು ಯಾರ ಮನೆಯ ಕಪಾಟಾದವೋ,
ಯಾವ ಶಾಲೆಯ ಬೆಂಚಾದವೋ.

ನೋಲೀನಳಿಗೆ ತೋರಿಸಿದೆ. ಕನ್ನಡಕ ಏರಿಸಿ ಎಣಿಸಿದಳು.
ಬೈಯುತ್ತಾಳೆಂದು ಕಾದೆ.
"ಆಪರೇಶನ್ ಥಿಯೇಟರಿನಲ್ಲಿ ನರ್ಸಾಗಿದ್ದೆ.
ಹೊಟ್ಟೆ ಹೊಲಿಯುವ ಮುಂಚೆ ಹತ್ತಿಯ ಉಂಡೆ ಎಣಿಸುವುದು ನನ್ನ ಕೆಲಸ.
ಎರಡು ಸಲ. ಗಟ್ಟಿಯಾಗಿ.
ಡಾಕ್ಟರು ಸಿಡುಕಿದರೂ ಬಿಡುತ್ತಿರಲಿಲ್ಲ.
ಇದನ್ನು ಮುಚ್ಚುವಾಗ ಎಣಿಸಿದವರು ಯಾರು?"

ನಾನು ಉಳಿ ಒರೆಸುತ್ತ ನಿಂತೆ.

ಮೂರು ದಿನ ಹಿಡಿಯಿತು. ಹೊಸ ಕಟ್ಟಿಗೆ ಕೂರಿಸಿದೆ.
ಸೀಲೆಂಟು ಎಳೆಯುವಾಗ ಪಕ್ಕದಲ್ಲೇ ನಿಂತಿದ್ದಳು:
ಕೆಳಗೆ. ಎಡ. ಬಲ.
"ಮೇಲೆ?"
"ಹಚ್ಚಿದೆ."
"ಇನ್ನೊಮ್ಮೆ."
ಕೆಳಗೆ. ಎಡ. ಬಲ. ಮೇಲೆ.

ಒಣಗಿದ ಮೇಲೆ ಅವಳನ್ನು ಒಳಗೆ ಕೂರಿಸಿ
ಹೊರಗಿನಿಂದ ಪೈಪು ಹಿಡಿದು ನೀರು ಹೊಡೆದೆ,
ಇಪ್ಪತ್ತು ನಿಮಿಷ, ತೋಳು ಸೋಲುವ ತನಕ.
"ಏನಾದರೂ ಬಂತಾ?" ಕೂಗಿದೆ.
"ಒಂದು ಹನಿಯೂ ಇಲ್ಲ," ಒಳಗಿನಿಂದ ದನಿ.
ಸ್ವಲ್ಪ ಹೊತ್ತು ಬಿಟ್ಟು,
"ಫ್ರಿಜ್ಜಿನ ಬಾಗಿಲು ಮಾತ್ರ
ಈಗ ನನ್ನ ಕೈಯಲ್ಲಿದೆ."