ಕೂದಲೆಳೆಯಷ್ಟು

ನಮ್ಮಪ್ಪ ಹ್ಯೂಗಾ ಕಡಲ ದಂಡೆಯಲ್ಲಿ ಗೋ ಆಟದ ಹರಳು ತೇಯುತ್ತಿದ್ದ.
ಬಿಳಿಯದು ಚಿಪ್ಪಿನದು, ಕಪ್ಪು ನಾಚಿಯ ಕಲ್ಲಿನದು.
ತೇದು ತೇದು ಅವನ ಹೆಬ್ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ.
ನನಗೆ ಏಳು ತುಂಬಿದಾಗ ಒಂದು ಗುಟ್ಟು ಹೇಳಿದ:
ಕಪ್ಪನ್ನು ಕೂದಲೆಳೆಯಷ್ಟು ದೊಡ್ಡದು ಕಡೆಯಬೇಕು ಕಣೇ,
ಬಿಳಿಗೆ ಹಿಗ್ಗುವ ಚಾಳಿ.
ಒಂದೇ ಅಳತೆಗೆ ಕಡೆದೆಯೋ,
ಆಟಕ್ಕೆ ಮುಂಚೆಯೇ
ಕಪ್ಪು ಸೋತ ಹಾಗೆ ಕಾಣುತ್ತದೆ.

ಆ ಹರಳುಗಳ ಎರಡು ಭರಣಿ ಹೊತ್ತು ಒಸಾಕಾಕ್ಕೆ ಬಂದೆ,
ಐದನೇ ದರ್ಜೆಯ ಇಸಾಬುರೋನ ಹೆಂಡತಿಯಾಗಿ.
ಅವರ ಲೋಕಕ್ಕೆ ಒಂಬತ್ತು ಮೆಟ್ಟಿಲು.
ತುದಿಯಲ್ಲಿ ದೇಶಕ್ಕೆಲ್ಲ ಒಬ್ಬನೇ ಕೂರಬೇಕೆಂದು ಹಳೆಯ ಕಟ್ಟಳೆ.
ಉಳಿದವರ ನಡುವೆ ಮೆಟ್ಟಿಲು ಎಣಿಸಿ ಮರ್ಯಾದೆ:
ಒಂದು ಕೆಳಗಿದ್ದರೆ ಮೂರಾಟದಲ್ಲಿ ಎರಡು ಸಲ ಕಪ್ಪು ನಿನಗೆ,
ಎರಡಾದರೆ ಸದಾ ಕಪ್ಪು, ಸದಾ ಮೊದಲ ನಡೆ,
ಮೂರಾದರೆ ಕೆಲವು ಆಟಕ್ಕೆ ಎರಡು ಹರಳು
ನಾಚಿಕೆ ಬಿಟ್ಟು ಮೊದಲೇ ಮಣೆಯ ಮೇಲೆ.
ಗಂಡ ಇದನ್ನು ಶಾಸ್ತ್ರ ಎನ್ನುತ್ತಿದ್ದ.
ನನಗೆ ನೆಂಟರ ಮನೆಯ ಊಟದ ಪಂಕ್ತಿ ನೆನಪಾಗುತ್ತಿತ್ತು.

ಸೆಂಕಿಚಿ ಬಂದಾಗ ಅವನಿಗೆ ಒಂಬತ್ತು ವರ್ಷ,
ಓನೊಮಿಚಿಯಲ್ಲಿ ಹಗ್ಗ ಹೊಸೆಯುವವನ ಮಗ.
ಮೊದಲ ದಿನ ಒಂಬತ್ತು ಹರಳು ಇಟ್ಟು ಕೂತ,
ಅಷ್ಟಿದ್ದೂ ಸೋತ,
ಕಕ್ಕಸಿನ ಚಿಲಕ ಹಾಕಿಕೊಂಡು ಅತ್ತ.
ನಾನೇ ಬಾಗಿಲು ತಟ್ಟಿ, ಮೀನು ಆರಿಹೋಗುತ್ತದೆ ಬಾರೋ ಎಂದದ್ದು.
ಆಮೇಲೆ ಒಂಬತ್ತು ಎಂಟಾಯಿತು, ಎಂಟು ಏಳಾಯಿತು.
ಒಂದೊಂದು ಹರಳು ಕಳೆದ ದಿನ
ಕೆಂಪು ಕಾಳು ಹಾಕಿ ಅನ್ನ ಮಾಡುತ್ತಿದ್ದೆ.
ಅವನ ಹದಿನಾರಕ್ಕೆ ಮಣೆ ಬರಿದಾಯಿತು.
ಆ ದಿನ ಗಂಡ ಎರಡು ಬಟ್ಟಲು ಅನ್ನ ಉಂಡ,
ಅವನು ಅರ್ಧ.

ಪತ್ರಿಕೆಯವರು ದುಡ್ಡು ಹಾಕಿ ಹತ್ತಾಟ ಏರ್ಪಡಿಸಿದರು,
ಗುರು ಶಿಷ್ಯ ಸರಿಸಮ ಕೂತು.
ನಾಲ್ಕಾಟ ಮುಂದಾದವನು ಎದುರಿನವನನ್ನು
ಒಂದು ಮೆಟ್ಟಿಲು ಇಳಿಸಬಹುದೆಂಬ ಕರಾರು.
ಆರನೆಯ ಆಟಕ್ಕೇ ಅದು ಮುಗಿಯಿತು.

ಆ ರಾತ್ರಿ ಇಸಾಬುರೋ ಕಾಲುಚೀಲವನ್ನೂ ಬಿಚ್ಚದೆ,
ತಾಕಿ, ಮಣೆ ತಾ, ಎಂದ.
ನಾನು ಎಂದಿನಂತೆ ಒಂಬತ್ತು ಹರಳು ಇಟ್ಟೆ.
ಬಹಳ ಹೊತ್ತು ನೋಡಿದ.
ಕಾಗದದಲ್ಲಿ ಒಂಬತ್ತು ಎಲ್ಲರಿಗಿಂತ ಮೇಲು,
ಮಣೆಯಲ್ಲಿ ಒಂಬತ್ತು ಎಲ್ಲರಿಗಿಂತ ಕೆಳಗು,
ಎರಡನ್ನೂ ಎಣಿಸಿದವನು ಒಬ್ಬನೇ ಏನು, ಎಂದ.
ನನಗೇನು ಗೊತ್ತು?
ಅರವತ್ತು ಮನೆಗಳಿಂದ ಸೋಲಿಸಿದ ನನ್ನನ್ನು.
ಒಂದು ಮನೆಯನ್ನೂ ಪಾಪ ಎಂದು ಬಿಡಲಿಲ್ಲ.
ಅದರಿಂದ ನನಗೆ ನಿದ್ದೆ ಬಂತು.

ಹೊಸ ವರ್ಷಕ್ಕೆ ಸೆಂಕಿಚಿ ಒಣ ಪರ್ಸಿಮನ್ ಹಣ್ಣು ಹಿಡಿದು ಬಂದ,
ಬಾಗಿಲ ಹತ್ತಿರವೇ, ಹುಡುಗನಾಗಿದ್ದಾಗಿನ ಜಾಗದಲ್ಲೇ, ಕೂತ.
ಗಂಡ ಎದ್ದ.
ಚಿತ್ರಪಟದ ಕೆಳಗಿದ್ದ ತನ್ನ ದಿಂಬನ್ನು ಎಳೆದು ಕೆಳಗಿನ ಕಡೆ ಹಾಕಿದ.
ಬಿಳಿಯ ಭರಣಿಯನ್ನು ಆಚೆ ತಳ್ಳಿದ.
ಗುರುಗಳೇ, ಮನೆಯಲ್ಲಾದರೂ...
ಮನೆಯಲ್ಲಿ ಬೇರೆ ಲೆಕ್ಕ ಹಿಡಿದರೆ
ಅಲ್ಲಿ ನೀನು ಗೆದ್ದದ್ದು ಯಾರನ್ನು?

ಹುಡುಗ ಎದ್ದು ಮೇಲೆ ಹೋದ. ಹೋಗುವಾಗ
ಅವನ ಮೊಣಕಾಲು ಚಾಪೆಗೆ ಎರಡು ಸಲ ತಗುಲಿತು.

ನಾನು ಚಹಾ ತಂದೆ.
ತಟ್ಟೆ ಹಿಡಿದು ನಿಂತವಳಿಗೆ
ಎಷ್ಟು ಮೆಟ್ಟಿಲೆಂದು ಯಾವ ಶಾಸ್ತ್ರವೂ ಹೇಳಿಕೊಟ್ಟಿರಲಿಲ್ಲ.
ಮೊದಲ ಬಟ್ಟಲು ಯಾರ ಮುಂದಿಟ್ಟೆನೋ
ಅದು ನನ್ನ ಜೊತೆಗೇ ಹೋಗಲಿ.

ಇಸಾಬುರೋ ಕಪ್ಪು ಭರಣಿಯ ಮುಚ್ಚಳ ತೆಗೆದ.
ಇಪ್ಪತ್ತು ವರ್ಷ ಬಿಳಿಯನ್ನೇ ಹಿಡಿದ ಬೆರಳು
ಒಂದು ಹರಳನ್ನು ಎತ್ತಿ, ತಡೆದು, ತಿರುಗಿಸಿ ನೋಡಿತು.
ಕೂದಲೆಳೆಯಷ್ಟೇ.
ಅಪ್ಪನ ಗುಟ್ಟು ನಾನು ಯಾರಿಗೂ ಹೇಳಿರಲಿಲ್ಲ,
ಬೆರಳಿಗೆ ಯಾರು ಹೇಳಬೇಕು.

ಬಲಗಡೆಯ ಮೇಲಿನ ಮೂಲೆಯಲ್ಲಿ ಅದನ್ನು ಇಟ್ಟ.
ಟಕ್ಕೆಂದಿತು.
ಸೆಂಕಿಚಿ ಬಿಳಿ ಭರಣಿಯೊಳಗೆ ಕೈ ಬಿಟ್ಟವನು
ಚಹಾ ಆರುವ ತನಕ
ಹೊರಗೆ ತೆಗೆಯಲಿಲ್ಲ.