ಹುಳಿ ಹಿಂಡುವ ಹುಡುಗಿ

ಫಾರೋ ದ್ವೀಪದ ಕ್ಲಾಕ್ಸ್‌ವೀಕಿನಲ್ಲಿ, ಬಂದರಿಗೆ ಬೆನ್ನು ಹಾಕಿ ನಿಂತ
ಹಳದಿ ತಗಡಿನ ಮನೆಯ ಅಡುಗೆಕೋಣೆಯಲ್ಲಿ
ರನ್ವಾ, ವಯಸ್ಸು ಐದೂಮುಕ್ಕಾಲು
(ಮುಕ್ಕಾಲು ಬಿಟ್ಟು ಹೇಳಿದರೆ ಸಿಟ್ಟು),
ಅಡುಗೆ ಸೋಡಾಕ್ಕೆ ಚಮಚ ಚಮಚ ನೀರು ಬೆರೆಸಿ
ಮೊಟ್ಟೆ ಕಟ್ಟುತ್ತಿದ್ದಾಳೆ.

ನೀರು ಹೆಚ್ಚು ಕುಡಿದರೆ ಗಂಜಿ,
ಕಡಿಮೆ ಕುಡಿದರೆ ಬೂದಿ.
ಒದ್ದೆ ಮರಳಿನ ಹದ ಬರಬೇಕು,
ಅಮುಕಿದರೆ ಅಂಗೈ ಗೆರೆ ಅಚ್ಚಾಗಬೇಕು.
ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ;
ಐದು ಮೊಟ್ಟೆ ಕೆಟ್ಟವು,
ಆರನೆಯದು ಹೇಳಿಕೊಟ್ಟಿತು.

ಒಂದೊಂದರ ಹೊಟ್ಟೆಯಲ್ಲೂ ಬಸುರು:
ಬೆಕ್ಕಿನಿಂದ ಬಾಲ ಕಚ್ಚಿಸಿಕೊಂಡ ಡೈನೋಸಾರ್,
ಮೂರೇ ಚಕ್ರದ ಟ್ರ್ಯಾಕ್ಟರ್,
ಪ್ಲಾಸ್ಟಿಕ್ ಕುರಿ ಎರಡು, ಒಂಟಿಯಾದರೆ ಹೆದರುತ್ತವೆ ಅಂತ ಜೊತೆಗೇ,
ಮತ್ತೆ ಟೋಪಿ ಕಳೆದುಕೊಂಡ ಬೆಂಕಿ ಆರಿಸುವವನು.
ಇಡೀ ರಾತ್ರಿ ಫ್ರೀಜರಿನಲ್ಲಿ
ಕಾಡ್ ಮೀನಿನ ಪೊಟ್ಟಣಗಳ ನಡುವೆ
ಚಳಿ ಕೂತು ಕಾವು ಕೊಟ್ಟಿತು.

ಬೆಳಿಗ್ಗೆ ತಟ್ಟೆಯ ತುಂಬ ಬಿಳಿ ಕಲ್ಲು.
ಕೆಮ್ಮಿನ ಔಷಧಿಯ ಡ್ರಾಪರ್, ಲೋಟದಲ್ಲಿ ವಿನೆಗರ್,
ಚೆನ್ನಾಗಿ ಕಾಣಲಿ ಅಂತ ಅದಕ್ಕಿಷ್ಟು ಬೀಟ್‌ರೂಟ್ ನೀರು.

ಒಂದು ಹನಿ.
ಬುಸ್ಸ್!
ಕಲ್ಲಿಗೆ ಉಸಿರು ಬಂತು.
ನೊರೆ ಉಕ್ಕಿ, ಕೆಂಪಾಗಿ, ತಟ್ಟೆ ದಾಟಿ, ಮೇಜು ದಾಟಿ
ಉಣ್ಣೆಯ ಕಾಲುಚೀಲಕ್ಕೆ ತೊಟ್ಟಿಕ್ಕಿತು.
"ಕೇಳು, ಕೇಳು" ಅಂತ ಬೆಕ್ಕನ್ನೆತ್ತಿ
ಅದರ ಕಿವಿ ತಟ್ಟೆಗೆ ಹಿಡಿದಳು.
ಬೆಕ್ಕು ಮೂತಿ ಸೊಟ್ಟ ಮಾಡಿ ಅಟ್ಟ ಹತ್ತಿದ್ದು
ಊಟದ ಹೊತ್ತಿಗೂ ಇಳಿಯಲಿಲ್ಲ.

ನಮ್ಮ ಕಡೆ ಹುಳಿ ಹಿಂಡುವುದೆಂದರೆ
ಮನೆ ಮುರಿಯುವ ಕೆಲಸ.
ಇಲ್ಲೂ ಮುರಿಯುವುದು ಮನೆಯೇ,
ಆದರೆ ಹಿಂಡಿದಷ್ಟೂ ಒಳಗಿನವರು
ಮೀಯಿಸಿದ ಮಕ್ಕಳ ಹಾಗೆ ಹೊರಗೆ:
ಮೊದಲು ಒಂದು ಮೂತಿ, ಆಮೇಲೆ ಒಂದು ಚಕ್ರ,
ಆಮೇಲೆ ಒಂದರ ಮೇಲೊಂದು ಒರಗಿದ ಕುರಿ.

"ಯಾಕಮ್ಮಾ ಬುಸುಗುಡುತ್ತೆ?"
ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ
ಬೂಟು ಕಳಚುತ್ತಿದ್ದ ಸುನ್ವೋರ್ ಹೇಳಿದಳು:
"ಹುಳಿಗೂ ಸೋಡಾಕ್ಕೂ ಜಗಳ. ಜಗಳದಲ್ಲಿ ಗಾಳಿ ಹುಟ್ಟುತ್ತೆ."
"ಗೆದ್ದವರು ಯಾರು?"
"ಯಾರೂ ಇಲ್ಲ. ಇಬ್ಬರೂ ಉಪ್ಪುನೀರು."
ಆಮೇಲೆ ಖಾಲಿ ಬಾಟಲಿ ಕಣ್ಣಿಗೆ ಬಿತ್ತು.
"ಅಯ್ಯೋ ರನ್ವಾ, ಹೆರಿಂಗ್ ಮೀನು
ಇನ್ನು ಯಾವುದರಲ್ಲಿ ನೆನೆಸಲಿ,
ನಿನ್ನ ಕಣ್ಣೀರಲ್ಲಾ?"

ಕಣ್ಣೀರು ಬರಲಿಲ್ಲ. ಒಂದು ಮೊಟ್ಟೆ ಉಳಿದಿತ್ತು.
"ಅದು ಅಪ್ಪಂಗೆ. ಯಾರೂ ಮುಟ್ಟಕೂಡದು."

ಅಪ್ಪ ಬ್ಯಾರೆಂಟ್ಸ್ ಸಮುದ್ರದಲ್ಲಿ.
ಇಪ್ಪತ್ತು ದಿನ ಅಂದದ್ದು
ಬಿರುಗಾಳಿಗೆ ಮೂವತ್ತಾಯಿತು, ಮೂವತ್ತಾರಾಯಿತು.
ಮೊಟ್ಟೆ ಫ್ರೀಜರಿನಲ್ಲಿ ಮೂಲೆಯಿಂದ ಮೂಲೆಗೆ
ಬಾಡಿಗೆದಾರನ ಹಾಗೆ ಅಲೆಯಿತು.
ಅಜ್ಜಿ ಒಮ್ಮೆ ಮೀನಿನುಂಡೆಯೆಂದು
ಸಾರಿಗೆ ಹಾಕಲು ಹೊರಟಾಗ
ರನ್ವಾ ಕಿರುಚಿದ್ದು ಚರ್ಚಿನವರೆಗೂ ಕೇಳಿಸಿತಂತೆ.

ಹಾನುಸ್ ಬಂದ. ಗಡ್ಡ ಬಂತು, ಡೀಸೆಲ್ ವಾಸನೆ ಬಂತು,
ಹೊಸ ವಿನೆಗರ್ ಬಾಟಲಿ ಬಂತು.
"ಒಂದೇ ಸಲ ಸುರಿದುಬಿಡಲಾ?"
"ಊಹೂಂ. ಹನಿ, ಹನಿ."

ಬಲೆಯ ಹಗ್ಗ ಎಳೆದ ಬೆರಳಿಗೆ
ಡ್ರಾಪರಿನ ರಬ್ಬರು ತೀರಾ ಮೆತ್ತಗೆ.
ಮೊದಲ ಸಲ ಗೋಡೆಗೆ ಚಿಮ್ಮಿತು,
ಎರಡನೇ ಸಲ ಗಡ್ಡಕ್ಕೆ.
ಮೂರನೆಯದು ಗುರಿ ಮುಟ್ಟಿ, ಬುಸ್ಸ್,
ಆಮೇಲೆ ಬಹಳ ಹೊತ್ತು
ಯಾರೂ ಮಾತಾಡಲಿಲ್ಲ.
ತಟ್ಟೆಯ ಸಣ್ಣ ಜುಯ್‌ಗುಟ್ಟುವಿಕೆ ಮಾತ್ರ.

ನೊರೆಯೊಳಗಿಂದ ಒಂದು ಬೋಳು ತಲೆ.
"ಯಾರಿವನು?"
"ನೀನು."

ಅವನು ಹೆಬ್ಬೆರಳಿನಿಂದ ಅದರ ಮುಖ ಒರೆಸಿದ.
"ಒಳಗೆ ಚಳಿ ಇತ್ತಾ ಅಪ್ಪಾ?"
"ಸ್ವಲ್ಪ."
"ಕಿವೀಲಿ ಇನ್ನೂ ಸೋಡಾ ಇದೆ," ಅಂದಳು
ಡ್ರಾಪರ್ ಕಿತ್ತುಕೊಂಡು.
"ಅಲ್ಲಾಡಬೇಡ."