ಎರಡನೇ ಟಪಾಲು

ನಾನು ಬ್ಯಾಂಡಿನವನಲ್ಲ, ವ್ಯಾನಿನವನು.
ವಾರವಿಡೀ ಗ್ರಿಮ್ಸ್‌ಬಿಯ ಹಡಗುಕಟ್ಟೆಯಿಂದ ಹ್ಯಾಡಕ್ ಮೀನು;
ಶುಕ್ರವಾರ ಸಂಜೆ ಪೈಪು ಹಿಡಿದು ತೊಳೆದು
ಅದೇ ವ್ಯಾನಿಗೆ ಡ್ರಮ್ಮು, ಆಂಪ್ಲಿಫೈಯರು,
ತಂಗಿ ಡೆನೀಸ್, ಅವಳ ಬೇಸ್ ಗಿಟಾರು.
ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ.
ಲೆಸ್ಟರಿನಲ್ಲಿ ಒಬ್ಬ ಹುಡುಗಿ ಹಸ್ತಾಕ್ಷರ ಕೇಳಿ
ಮೂಗು ಮುಚ್ಚಿಕೊಂಡೇ ಥ್ಯಾಂಕ್ಸ್ ಅಂದಳು.

ಹೆಸರಿಟ್ಟವನು ಡ್ರಮ್ಮಿನ ನೀಲ್ ಕಾಥಾರ್ನ್, ಅಂಚೆಯವನು.
ಬೆಳಗಿನ ಟಪಾಲಿಗೆ ಕಾಯುವವರುಂಟು,
ಮಧ್ಯಾಹ್ನದ್ದಕ್ಕೆ ಯಾರು ಕಾಯುತ್ತಾರೆ?
ಬಿಲ್ಲು, ಸೋಫಾ ಜಾಹೀರಾತು,
ತಪ್ಪು ಮನೆ ಸುತ್ತಿ ಬಂದ ಹುಟ್ಟುಹಬ್ಬದ ಕಾರ್ಡು.
'ನಾವು ಅದೇ' ಅಂದ. 'ಸೆಕೆಂಡ್ ಪೋಸ್ಟ್.'
ಹಾಡುವ ರಸೆಲ್ ಪಿಂಚ್‌ಬೆಕ್‌ಗೆ ಹಿಡಿಸಲಿಲ್ಲ,
ಅವನಿಗೆ ಬೇಕಿದ್ದದ್ದು ಬೆಂಕಿ, ಬೆಳ್ಳಿ, ಚಕ್ರವರ್ತಿ, ಅಂಥದ್ದೇನಾದರೂ.
ಟಾಸು ಹಾಕಿದೆವು. ನಾಣ್ಯ ಸೋಫಾದ ಸಂದಿಗೆ ಬಿತ್ತು.
ಸಿಗುವವರೆಗೆ ಇದೇ ಇರಲಿ ಅಂದೆವು.
ಸಿಗಲಿಲ್ಲ.

ತೊಂಬತ್ತೈದನೇ ಇಸವಿ.
ಲಂಡನ್ನಿನಲ್ಲಿ ಹುಬ್ಬು ಕುಣಿಸಿದವರಿಗೆಲ್ಲ ಚೆಕ್ಕು,
ಗಿಟಾರಿಗೆ ಬಾವುಟ ಬಳಿದವರಿಗೆ ಮುಖಪುಟ.
ನಮಗೆ ಡೆನೀಸಳ ಮಲಗುವ ಕೋಣೆಯೇ ಕಂಪನಿ,
ಅಮ್ಮನ ಇಸ್ತ್ರಿಮಣೆಯೇ ಮೇಜು,
ಸಾಲ ತಂದ ಒಂಬೈನೂರು ಪೌಂಡಿಗೆ
ಏಳಿಂಚಿನ ಐನೂರು ತಟ್ಟೆ.
ಕಾರ್ಖಾನೆಯವರು ಈ ಬದಿಯ ಚೀಟಿ ಆ ಬದಿಗೆ ಅಂಟಿಸಿದರು.
ಹೀಗಾಗಿ, ಒಂದು ನಡುರಾತ್ರಿ ರೇಡಿಯೋದವನು
ರಸೆಲ್ ಎರಡು ವರ್ಷ ತಿದ್ದಿದ ಹಾಡೆಂದುಕೊಂಡು
ವ್ಯಾನಿನಲ್ಲಿ ಹತ್ತು ನಿಮಿಷಕ್ಕೆ ಹೊಸೆದದ್ದನ್ನು ಹಾಕಿದ:
ನಾಯಿಗೆ ಹೆದರುವ ಅಂಚೆಯವನ ಹಾಡು.
ಅದೇ ಜನಕ್ಕೆ ಹಿಡಿಸಿತು.
ರಸೆಲ್ ಆ ರಾತ್ರಿ ಊಟ ಮಾಡಲಿಲ್ಲ.

ಆಮೇಲಿನ ಹದಿನಾಲ್ಕು ತಿಂಗಳು
ಡಾರ್ಬಿ, ಸ್ಟೋಕ್, ಪ್ರೆಸ್ಟನ್, ಮತ್ತೆ ಡಾರ್ಬಿ.
ಒಂದು ಕಡೆ ಕೇಳಲು ಬಂದವರು ಹನ್ನೊಂದು ಜನ,
ಅವರಲ್ಲಿ ನಾಲ್ವರು ಮುಂದಿನ ಬ್ಯಾಂಡು.
ಎಲ್ಲಿ ಹೋದರೂ 'ನಾಯಿ! ನಾಯಿ!' ಎಂಬ ಕೂಗು;
ಹಾಡಿದ್ದೇ ಹಾಡಿ ರಸೆಲ್ ಕಿಸಬಾಯಿದಾಸನಾದ.
ಬೆಳಗಿನ ಮೂರಕ್ಕೆ ಹೆದ್ದಾರಿ ಬದಿಯ ಕ್ಯಾಂಟೀನಿನಲ್ಲಿ
ಒಂದೇ ತಟ್ಟೆ ಚಿಪ್ಸು, ನಾಲ್ಕು ಫೋರ್ಕು,
ಪೆಟ್ರೋಲಿಗೆ ಚಿಲ್ಲರೆ ಎಣಿಸುತ್ತಿದ್ದ ಡೆನೀಸಳ ಬೆರಳ ತುದಿಯಲ್ಲಿ
ತಂತಿ ಕೊರೆದ ಗೆರೆ.
ಆರೂವರೆಗೆ ನೀಲ್ ಚೀಲ ಹೆಗಲಿಗೇರಿಸಿ ಬೀದಿಗಿಳಿಯಬೇಕು.
ಎಷ್ಟು ಓಡಿಸಿದ್ದೇನೆ ನಾನು, ದೇವರೇ,
ಕಣ್ಣಿಗೆ ಬೆಂಕಿಕಡ್ಡಿ ಕೊಟ್ಟುಕೊಂಡಂತೆ.

ಒಂದು ಗುರುವಾರ ಟೀವಿಯವರ ಫೋನು.
ಯಾರೋ ದೊಡ್ಡವರಿಗೆ ಗಂಟಲು ಕಟ್ಟಿದೆ, ನಾಳೆ ಬರುತ್ತೀರಾ?
ಎತ್ತಿದ್ದು ನೀಲನ ಅಜ್ಜಿ ಐವಿ.
'ಟಪಾಲಿಗೆ ಹೋಗಿದ್ದಾನೆ ಮಗು' ಎಂದಳು,
ನಂಬರನ್ನು ಗ್ಯಾಸ್ ಬಿಲ್ಲಿನ ಬೆನ್ನಿಗೆ ಬರೆದಳು,
ಟೋಪಿ ಹಾಕಿಕೊಂಡು ಬಿಲ್ಲು ಕಟ್ಟಿ ಬಂದಳು.
ಕೈಗೆ ಬಂದ ತುತ್ತು ಗ್ಯಾಸ್ ಕಂಪನಿಯ ಬಾಯಿಗೆ.

ಅದರಿಂದಲೇ ಮುರಿಯಿತು ಎನ್ನಲಾರೆ.
ಯಾರೂ ಜಗಳವಾಡಲಿಲ್ಲ, ಬಾಟಲಿ ಎಸೆಯಲಿಲ್ಲ.
ಒಂದು ಶುಕ್ರವಾರ ವ್ಯಾನು ತೊಳೆದು ಕಾದೆ.
ಎಂಟಾಯಿತು. ಡೆನೀಸ್ ಕಿಟಕಿಯಿಂದ
'ಇವತ್ತು ಇದೆಯಾ?' ಅಂದಳು.
ನನಗೇನು ಗೊತ್ತು, ನಾನು ವ್ಯಾನಿನವನು.

ಅವಳೀಗ ಹಲ್‌ನಲ್ಲಿ ಹಲ್ಲಿನ ಸೆಟ್ಟು ಮಾಡುತ್ತಾಳೆ.
ರಸೆಲ್ ಕಿಟಕಿ ಮಾರುತ್ತಾನೆ; ಫೋನಿನಲ್ಲಿ ಅವನ ದನಿ ಇನ್ನೂ ಚೆನ್ನ.
ಇಲಾಖೆ ಮಧ್ಯಾಹ್ನದ ಟಪಾಲನ್ನೇ ನಿಲ್ಲಿಸಿದ ವರ್ಷ
'ಯಾರಿಗೂ ಗೊತ್ತೇ ಆಗಲಿಲ್ಲ ನೋಡು' ಎಂದ ನೀಲ್, ನಗುತ್ತಾ,
ಪೂರ್ತಿ ನಗುತ್ತಾ ಅಲ್ಲ.

ನನ್ನ ಅಟ್ಟದಲ್ಲಿ ಇನ್ನೂರ ಎಂಬತ್ತಾರು ಉಳಿದಿವೆ.
ಚಳಿಗಾಲಕ್ಕೊಮ್ಮೆ ಒಂದನ್ನು ಇಳಿಸಿ ಹಾಕುತ್ತೇನೆ.
ನಾಯಿ ಬೊಗಳುತ್ತದೆ (ಅದು ನಾನೇ, ಬಾಲ್ದಿಯೊಳಗೆ ಮುಖವಿಟ್ಟು).
ಹಾಡು ಮುಗಿದು, ಗೆರೆಗೂ ಚೀಟಿಗೂ ನಡುವಿನ ಬೋಳು ಜಾಗದಲ್ಲಿ
ಡೆನೀಸ್ ಹೇಳಿ ಕೆತ್ತಿಸಿದ ಅಕ್ಷರ,
ದೀಪಕ್ಕೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ:
'ನೀಲ್, ಗೇಟು ಹಾಕು.'
ಮುಳ್ಳು ಅಲ್ಲಿಗೆ ಬಂದು ದಾರಿ ಸಿಗದೆ
ಟಿಕ್, ಟಿಕ್ ಎಂದು ಸುತ್ತುತ್ತದೆ.
ತಕ್ಷಣ ಎತ್ತುವುದಿಲ್ಲ.
ಹೋಗಿ ಟೀ ಕಾಯಿಸಿಕೊಂಡು ಬರುತ್ತೇನೆ.